ಒಂದು ಮೊಳ ಹೆಚ್ಚಿಗೆ ತಂತಿ

ಮಾವ,

ತಿಂಡಿ ಒಲೆ ಪಕ್ಕ ಮುಚ್ಚಿಟ್ಟಿದ್ದೀನಿ. ಬಿಸಿ ಮಾಡ್ಕೊಂಡು ತಿನ್ನಿ, ತಣ್ಣಗಿದೆ ಅಂತ ಮುಖ ಗಂಟು ಹಾಕ್ಕೋಬೇಡಿ. ಮಾತ್ರೆ ತಿಂಡಿ ಆದಮೇಲೆ, ಮೊದಲಲ್ಲ.

ನಾನು ಬೇಗ ಹೊರಟೆ. ಇವತ್ತು ಆಸ್ಪತ್ರೆ ನೆಲಮಾಳಿಗೆಯಲ್ಲಿ ನಮ್ಮ ಕಂಪನಿಯವರ ಮೊಬೈಲ್ ಸಿಗ್ನಲ್ ಪರೀಕ್ಷೆ. ಅಲ್ಲಿಂದ ಇಷ್ಟು ದಿನ ಒಂದು ಕರೆಯೂ ಹೋಗ್ತಿರಲಿಲ್ಲ. ನೀವು ರಿಟೈರ್ ಆಗೋ ವರ್ಷ ಕಂಪ್ಯೂಟರಿಗೆ ಅಂತ ಅಲ್ಲಿ ತಾಮ್ರದ ಕೇಬಲ್ ಎಳೆದಿದ್ದಿರಲ್ಲ, ಈಗ ಸಿಗ್ನಲ್ ಹರಿಯೋದು ಅದರಲ್ಲೇ. ನಮ್ಮ ಎಂಜಿನಿಯರ್ ಅದನ್ನೆಲ್ಲ ಕಿತ್ತು, ಗೋಡೆ ಒಡೆದು ಹೊಸದು ಹಾಕೋಣ ಅಂದ. "ಎಳೆದವರು ನಮ್ಮ ಮಾವ. ಇನ್ನೂ ಇಪ್ಪತ್ತು ವರ್ಷ ಅಲ್ಲಾಡಲ್ಲ" ಅಂತ ಎದೆ ತಟ್ಟಿ ಹೇಳಿದ್ದೀನಿ.

ಗೋಡೆಯಲ್ಲಿ ಕೇಬಲ್ ಸೇರೋ ಪ್ರತಿ ಪೆಟ್ಟಿಗೆಯೊಳಗೂ ಒಂದು ಮೊಳ ತಂತಿ ಹೆಚ್ಚಿಗೆ ಸುತ್ತಿಟ್ಟಿದ್ದೀರಿ. ತಂತಿ ದಂಡ ಅಂತ ಆಗ ಎಲ್ಲರೂ ಬೈತಿದ್ದರಂತೆ. ಆ ಮೊಳ ಇದ್ದಿದ್ದಕ್ಕೇ ನಾವು ನೆಲಮಾಳಿಗೆ ಚಾವಣಿಗೆ ಹೊಸದಾಗಿ ಹಾಕಿದ ಪುಟ್ಟ ಮೊಬೈಲ್ ಆಂಟೆನಾಗಳವರೆಗೂ ತಂತಿ ಎಟುಕಿತು. ಒಂದು ಇಟ್ಟಿಗೆಯನ್ನೂ ಮುಟ್ಟಲಿಲ್ಲ.

ಈಗ ನಿಮ್ಮ ಕೆಲಸ. ಮೊಬೈಲ್ ಬಂದು ತಂತಿ ಎಳೆಯೋರ ಅನ್ನ ಕಿತ್ಕೊಳ್ತು ಅಂತ ಫೋನನ್ನ ಬಟ್ಟೆ ಕಪಾಟಿಗೆ ತುರುಕಿದ್ದಿರಲ್ಲ, ತೆಗೆದು ಚಾರ್ಜ್ ಮಾಡಿ ಟೇಬಲ್ ಮೇಲಿಟ್ಟಿದ್ದೀನಿ. ಹನ್ನೊಂದು ಗಂಟೆಗೆ ನೆಲಮಾಳಿಗೆಯ ಎಕ್ಸ್-ರೇ ಕೋಣೆಯಿಂದ ಮೊದಲ ಕರೆ ನಿಮಗೇ. ಎಂಜಿನಿಯರ್ ಪಕ್ಕದಲ್ಲೇ ನಿಂತು ಕೇಳ್ತಿರ್ತಾನೆ. ಹಸಿರು ಗುಂಡಿ ಒತ್ತಿ.

ಸಿಟ್ಟಿದ್ರೆ ಬೈಯಿರಿ ಮಾವ, ಜೋರಾಗೇ ಬೈಯಿರಿ. ಒಂದೊಂದು ಮಾತೂ ನೀವು ಎಳೆದ ತಂತಿಯಲ್ಲೇ ಬರತ್ತೆ.

ನಿಮ್ಮ ಸೊಸೆ