ಎದುರು ಗುಡ್ಡದ ಬಿಸಿಲು

ದ್ನೀಪರ್ ನದಿಯ ಎಡದಂಡೆ,
9 ಅಕ್ಟೋಬರ್ 1943, ಸೂರ್ಯೋದಯದ ಹೊತ್ತು

ಪ್ರೀತಿಯ ಅಜ್ಜಾ,

ಮಂಡಿನೋವು ಹೇಗಿದೆ? ಯುದ್ಧ ಬಂದಾಗ ನಿಮ್ಮನ್ನೆಲ್ಲ ಸಾಗಿಸಿದ ವೋಲ್ಗಾ ಆಚೆಯ ಆ ಊರಿನಲ್ಲಿ ಮೀನು ಸಿಗುತ್ತದೋ, ಬರಗಿನ ಗಂಜಿಯಲ್ಲೇ ದಿನ ದೂಡುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ, ಕೆಮ್ಮೊಂದು ಬಿಟ್ಟರೆ. ಹೊಗೆ ದಳದವರಿಗೆಲ್ಲ ಅದು ಇದ್ದದ್ದೇ.

ನಾನೀಗ ನಮ್ಮೂರ ನದಿಯ ಹತ್ತಿರವೇ ಇದ್ದೇನೆ ಅಜ್ಜಾ. ನೀನು ಬಲೆ ಒಣಹಾಕುತ್ತಿದ್ದ ಜೊಂಡಿನೊಳಗೆ ಇನ್ನೂರು ಜನ ದೋಣಿಗಳ ಪಕ್ಕ ಮಲಗಿದ್ದಾರೆ. ಎದುರು ಗುಡ್ಡದ ಮೇಲೆ ಜರ್ಮನ್ನರ ಫಿರಂಗಿ. ನಾವು ಹೊಗೆ ಡಬ್ಬ ಹಚ್ಚಿ ನದಿಯನ್ನು ಮುಚ್ಚಬೇಕು, ಇವರು ಅದರೊಳಗೆ ದಾಟಬೇಕು. ಮೊನ್ನೆ ಕತ್ತಲಿರುವಾಗಲೇ ಹಚ್ಚಿದೆವು. ಗುಡ್ಡದಿಂದ ಇಳಿಯುವ ತಣ್ಣನೆ ಗಾಳಿ ಹೊಗೆಯನ್ನೆಲ್ಲ ನಮ್ಮ ಮುಖಕ್ಕೇ ತಂದು ಹಾಕಿತು. ಬೆಳಕು ಹರಿದಾಗ ನದಿ ನಡುವೆ ಮೂರು ದೋಣಿಗಳು ಬೆತ್ತಲಾಗಿದ್ದವು. ಒಂದೂ ಉಳಿಯಲಿಲ್ಲ. ಒಂದರಲ್ಲಿ ನಮ್ಮ ಪಕ್ಕದ ಮನೆಯ ಹೋರ್ದಿ ಇದ್ದ. ಅವನ ಅಮ್ಮ ಅಲ್ಲಿ ನಿನ್ನ ಜೊತೆಗೇ ಇದ್ದಾರಲ್ಲ. ಹಚ್ಚಬಹುದು ಅಂದವನು ನಾನೇ ಅಜ್ಜಾ. ಮೀನುಗಾರನ ಮೊಮ್ಮಗ ಅಂತ ನನ್ನನ್ನು ಕೇಳಿದ್ದರು. ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು.

ನೆನಪಾಗಿದ್ದು ಆಮೇಲೆ. ದೋಣಿಯಲ್ಲಿ ಒಂದು ಕಡೆ ಕೂರದ ನನ್ನನ್ನು ಹುಟ್ಟಿನ ಹಿಡಿಯಿಂದ ತಿವಿದು ಹೇಳುತ್ತಿದ್ದೆಯಲ್ಲ, 'ಕೂತ್ಕೊಳೋ ಕೋತಿ! ಎದುರು ಗುಡ್ಡದ ಸೊಂಟಕ್ಕೆ ಬಿಸಿಲು ಬರ್ಲಿ, ಗಾಳಿ ತಾನೇ ಆ ಕಡೆ ತಿರುಗುತ್ತೆ' ಅಂತ. ಇವತ್ತು ಲೆಫ್ಟಿನೆಂಟ್ ರುಡಿಕ್‌ಗೆ ಅದನ್ನೇ ಹೇಳಿದೆ. ಆತ ಕಾಲರ್ ಹಿಡಿದ. 'ಹತ್ತನೇ ಕ್ಲಾಸ್ ಓದಿದ ತಲೇನಾ ಇದು? ಬೆಳಕಾಗೋವರೆಗೂ ಕೂತು ವಿಮಾನಗಳಿಗೆ ಊಟ ಬಡಿಸ್ತೀಯಾ?' 'ಈಗ ಹಚ್ಚಿದ್ರೆ ಮೊನ್ನೆ ತರಾನೇ ಆಗುತ್ತೆ ಸಾರ್' ಅಂದೆ. 'ತಪ್ಪಾದ್ರೆ ಮೊದಲ್ನೇ ದೋಣಿಲಿ ನಿನ್ನೇ ಕೂರಿಸ್ತೀನಿ.' 'ತಪ್ಪಾಗ್ದಿದ್ರೂ ಕೂರಿಸಿ' ಅಂದುಬಿಟ್ಟೆ. ಆತ ಗಡಿಯಾರ ನೋಡಿದ, ಉಗುಳಿದ, ಅರ್ಧ ಗಂಟೆ ಕೊಟ್ಟ.

ಆ ಅರ್ಧ ಗಂಟೆಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಬಿಸಿಲು ಗುಡ್ಡದ ನೆತ್ತಿಗೆ ಮಾತ್ರ ಬಂದಿದೆ. ಜೊಂಡು ಇನ್ನೂ ನಮ್ಮ ಕಡೆಗೇ ಬಾಗಿದೆ. ಎಲ್ಲೋ ದೂರದಲ್ಲಿ ವಿಮಾನದ ಸದ್ದು. 'ಏನಪ್ಪಾ ಗಾಳಿ ಸಾಹೇಬ, ನಿನ್ನ ಗಾಳಿ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ವಾ?' ಅಂತ ಹಿಂದಿನಿಂದ ಯಾರೋ ಕೆಣಕಿದರು. ಯಾರೂ ನಗಲಿಲ್ಲ.

ಕಾಲಿಗೆ ಬೆಚ್ಚಗೆ ಏನಾದರೂ ಸುತ್ತಿಕೋ ಅಜ್ಜಾ. ಈ ಕೋತಿಯ ತಲೆ ಮೇಲೆ ಅಲ್ಲಿಂದಲೇ ಒಮ್ಮೆ ಕೈಯಿಡು.

ನಿನ್ನ ಮೊಮ್ಮಗ,
ತಿಮಿಶ್

ತಾ.ಕ.: ಬಿಸಿಲು ಸೊಂಟಕ್ಕಿಳಿಯಿತು. ಜೊಂಡು ನೆಟ್ಟಗೆ ನಿಂತಿತು, ಈಗ ಆ ಕಡೆಗೆ ಬಾಗಿತು! ಡಬ್ಬಗಳನ್ನು ಹಚ್ಚಿಸಿದೆ. ಮೊದಲ ದೋಣಿಯವರು ಕರೆಯುತ್ತಿದ್ದಾರೆ. ಹೋರ್ದಿಯ ಅಮ್ಮನಿಗೆ ನೀನು ಏನೂ ಹೇಳಬೇಡ, ನಾನೇ ಬಂದು ಹೇಳಬೇಕು. ಬರದಿದ್ದರೆ ಈ ಕಾಗದ ಅವರಿಗೆ ಓದಿ ಹೇಳು, ಒಂದು ಸಾಲೂ ಬಿಡದೆ.