ತಮಸ್ಕ ತಿರುಗಿ ಬಂದ ಭಾನುವಾರ

ಗೌರಿಬಿದನೂರು
ಜನವರಿ 1997

.......... ಗುಲ್ಷನ್‌ಗೆ,

ನಿನ್ನ ಹೆಸರಿಗೆ ಮೊದಲು ‘ಪ್ರೀತಿಯ’ ಎಂದು ಬರೆಯಲು ಜಾಗ ಬಿಟ್ಟಿದ್ದೇನೆ, ಬರೆದಿಲ್ಲ. ತುಂಬಬೇಕೋ ಬೇಡವೋ ಎನ್ನುವುದು ಈ ಕಾಗದ ಮುಗಿಯುವ ಹೊತ್ತಿಗೆ ಗೊತ್ತಾಗಲಿ. ಒಂಬತ್ತು ವರ್ಷ ಮಾತು ಬಿಟ್ಟವಳು ಈಗೇಕೆ ಬರೆದಳು, ಇವಳಿಗೆ ಏನು ಬೇಕಾಗಿದೆ ಎಂದು ಹುಬ್ಬು ಗಂಟಿಕ್ಕಿಕೊಂಡಿರುತ್ತೀಯ. ಅನುಮಾನ ಪಡು ತಾಯಿ, ಪಡು. ಶಿಡ್ಲಘಟ್ಟದಲ್ಲಿ ಅನುಮಾನದ ಕದಿರಮ್ಮ ಎಂದೇ ಹೆಸರು ತೆಗೆದುಕೊಂಡವಳು ನಾನು. ಹಾಲಿನವನು ಕ್ಯಾನು ಬಗ್ಗಿಸುವ ರೀತಿ ನೋಡಿಯೇ ನೀರು ಬೆರೆಸಿದ್ದಾನೆ ಎನ್ನುವವಳು. ಅದಕ್ಕೇ ಸುತ್ತಿ ಬಳಸದೆ ಕೇಳುತ್ತೇನೆ. ನನ್ನ ನಿಶ್ಚಿತಾರ್ಥದ ಹಾರದಲ್ಲಿ ಜೀವವಿದ್ದ ರೇಷ್ಮೆಗೂಡುಗಳನ್ನು ನೀನು ಬೇಕೆಂದೇ ಕಟ್ಟಿದೆಯಾ?

ಈ ಪ್ರಶ್ನೆ ಮತ್ತೆ ಎದ್ದಿದ್ದು ಕಳೆದ ಭಾನುವಾರ ಸಂಜೆ. ‘ಗಗನಕೋಟೆ’ ಧಾರಾವಾಹಿಗೆ ಹತ್ತು ವರ್ಷ ತುಂಬಿತೆಂದು ಟಿ.ವಿ.ಯಲ್ಲಿ ವಿಶೇಷ ಕಂತು ಹಾಕಿದ್ದರು. ನೀನು ನೋಡಿರುತ್ತೀಯ. ನೋಡಿಲ್ಲ ಎಂದರೆ ನಾನು ನಂಬುವುದಿಲ್ಲ. ಖಳನಾಯಕ ತಮಸ್ಕ ತಿರುಗಿ ಬರುತ್ತಾನೆ ಎಂದು ವಾರದಿಂದ ಬಡಿದುಕೊಳ್ಳುತ್ತಿದ್ದರು. ಸತ್ತು ಹೋದವನು ಹೇಗೆ ಬರುತ್ತಾನೆ, ನಮ್ಮನ್ನು ಮಂಗ ಮಾಡಲು ಹೊರಟಿದ್ದಾರೆ ಎಂದು ಗೊಣಗುತ್ತಲೇ ಅವರೆಕಾಯಿ ಸುಲಿಯುತ್ತಾ ಕುಳಿತೆ. ನಮ್ಮ ಯಜಮಾನರು ಕೋನಪ್ಪ, ಪಾಪದ ಮನುಷ್ಯ, ‘ನೋಡಣ ಇರೇ, ಸುಮ್ ಸುಮ್ನೆ ಹೇಳ್ತಾರಾ’ ಎಂದರು. ಅವರಿಗೆ ವಾರ್ತೆಯಿಂದ ಹಿಡಿದು ಸೋಪಿನ ಜಾಹೀರಾತಿನವರೆಗೆ ಟಿ.ವಿ. ಹೇಳಿದ್ದೆಲ್ಲ ನಿಜ.

ತಮಸ್ಕ ನಮ್ಮಿಬ್ಬರ ಕೈಯಲ್ಲಿ ಹುಟ್ಟಿದವನಲ್ಲವೇನೆ? ನಮ್ಮೂರಿನಲ್ಲಿ ಸನ್ಮಾನವೆಂದರೆ ಹೂವಿನ ಹಾರವಲ್ಲ, ರೇಷ್ಮೆಗೂಡಿನ ಹಾರ. ಮೇಷ್ಟರು ನಿವೃತ್ತರಾದರೂ ಮಂತ್ರಿಗಳು ಬಂದರೂ ನಿಮ್ಮ ಮನೆಗೇ ಹೇಳಿ ಕಳಿಸುತ್ತಿದ್ದರು. ನಿಮ್ಮ ಅಬ್ಬಾ ಅಮೀರ್ ಜಾನ್ ಸಾಹೇಬರು ಮುಂದಿನ ಶೆಡ್ಡಿನಲ್ಲಿ ನೂಲು ತೆಗೆಸುತ್ತಿದ್ದರೆ, ಹಿಂದಿನ ಅಂಗಳದಲ್ಲಿ ನಾವಿಬ್ಬರು ಹರಟೆ ಹೊಡೆಯುತ್ತಾ ಗೂಡು ಪೋಣಿಸುತ್ತಿದ್ದೆವು. ಅಂಥದೊಂದು ಹಾರ ನೋಡಿಯೇ ಬೆಂಗಳೂರಿನ ಧಾರಾವಾಹಿಯವರು ಹುಡುಕಿಕೊಂಡು ಬಂದಿದ್ದು. ಸೂರ್ಯನಿಲ್ಲದ ಗ್ರಹದ ದೊರೆಯೊಬ್ಬನಿದ್ದಾನೆ, ಅವನ ಎದೆಗೆ ಗೂಡಿನ ಕವಚ ಬೇಕು ಎಂದರು. ನೀನು ಅಳತೆ ಹಿಡಿದೆ, ನಾನು ಸೂಜಿ ಹಿಡಿದೆ. ಕೊನೆಯ ಕಂತಿನಲ್ಲಿ ಬಿಸಿಲು ತಗುಲಿ ತಮಸ್ಕ ಕರಗಿಹೋದಾಗ ಊರೆಲ್ಲ ಚಪ್ಪಾಳೆ ಹೊಡೆಯಿತು. ನೀನೊಬ್ಬಳು ಮಾತ್ರ ‘ನಾವ್ ಕಟ್ಟಿದ್ದೆಲ್ಲಾ ಕರಗಿಸಿಬಿಟ್ರಲ್ಲೇ ಹಾಳಾದೋರು’ ಎಂದು ಕಣ್ಣೊರೆಸಿಕೊಂಡೆ.

ಹಾರಕ್ಕೆ ಹೋಗುವ ಗೂಡಿಗೆ ಮೊದಲು ಆವಿ ಕೊಡಬೇಕು, ಇಲ್ಲದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಇದು ಶಿಡ್ಲಘಟ್ಟದ ಕೂಸಿಗೂ ಗೊತ್ತು. ನೀನಂತೂ ಪ್ರತಿ ಗೂಡನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನದು ಒಣಗಿದೆ ಎಂದು ಖಾತ್ರಿ ಮಾಡಿಕೊಳ್ಳದೆ ದಾರಕ್ಕೆ ಏರಿಸಿದವಳಲ್ಲ.

ಮಾರನೆಯ ವರ್ಷ ಚಿಂತಾಮಣಿಯ ಚನ್ನಕೇಶವನೊಂದಿಗೆ ನನ್ನ ಸಂಬಂಧ ಕುದುರಿತು. ನೂಲಿನ ವ್ಯಾಪಾರಿ, ಗುಂಗುರು ಕೂದಲು, ಹೊಸ ಸ್ಕೂಟರ್. ಅನುಮಾನದ ಕದಿರಮ್ಮನಿಗೆ ಜೀವಮಾನದಲ್ಲಿ ಅನುಮಾನವೇ ಬರದಿದ್ದ ಗಂಡಸು ಎಂದರೆ ಅವನೊಬ್ಬನೇ. ನಿಮ್ಮ ಅಬ್ಬಾನ ನೂಲೆಲ್ಲ ಕೊಳ್ಳುತ್ತಿದ್ದವನೂ ಅವನೇ. ಒಂದು ದಿನ ನೀನು ಹಾರ ಕಟ್ಟುವುದನ್ನು ನಿಲ್ಲಿಸಿ, ‘ಅವನ ಸಿಟ್ಟು ನೋಡಿದ್ದೀಯೇನೆ ಕದ್ರಿ?’ ಎಂದೆ. ನಾನು ನಕ್ಕುಬಿಟ್ಟೆ. ಅದೇ ದಿನಗಳಲ್ಲಿ ನೂಲು ತೆಗೆಯುತ್ತಿದ್ದ ನಿನ್ನ ಚಿಕ್ಕಮ್ಮ ವಜೀರುನ್ನೀಸಾ ಖಾಲಾ ಕೈಗೆ ಬಟ್ಟೆ ಸುತ್ತಿಕೊಂಡು ಶೆಡ್ಡಿನ ಮೂಲೆಯಲ್ಲಿ ಕೂತಿರುತ್ತಿದ್ದರು. ಗೂಡು ಬೇಯಿಸುವ ಬಿಸಿನೀರು ಮೈಮೇಲೆ ಮಗುಚಿತು ಎಂದಿದ್ದರು. ನಾನೂ ಅಯ್ಯೋ ಪಾಪ ಎಂದು ಸುಮ್ಮನಾದೆ.

ನಿಶ್ಚಿತಾರ್ಥದ ಮುಹೂರ್ತ ನಸುಕಿನಲ್ಲಿತ್ತು. ಹುಡುಗನಿಗೆ ಹಾಕುವ ಹಾರವನ್ನು ನೀನೇ ತಂದುಕೊಟ್ಟೆ, ಕಪ್ಪು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ. ‘ಹುಡ್ಗ ಹಸೆ ಮೇಲೆ ಕೂತ್ಮೇಲೇ ಬಿಚ್ಚಬೇಕು ಕಣೇ, ಅಲ್ಲೀವರ್ಗೂ ಬೆಳಕು ಸೋಕಬಾರ್ದು, ಹೊಳಪು ಹೋಗುತ್ತೆ’ ಎಂದೆ. ಹಾಗೇ ಬಿಚ್ಚಿದರು, ಹಾಗೇ ಹಾಕಿದರು. ವಿಡಿಯೋದವನು ದೊಡ್ಡ ಲೈಟು ತಂದು ಅವನ ಎದೆಗೇ ಹಿಡಿದ. ಪುರೋಹಿತರು ಲಗ್ನಪತ್ರಿಕೆ ಓದಿ ಮುಗಿಸುವ ಮೊದಲೇ ಒಂದು ಗೂಡಿನ ತುದಿ ಒದ್ದೆಯಾಯಿತು. ಮುದುಡಿದ ರೆಕ್ಕೆಯ ಚಿಟ್ಟೆಯೊಂದು ತೆವಳಿಕೊಂಡು ಹೊರಗೆ ಬಂತು. ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲ ಕಡೆಯಿಂದ. ಅವನ ಬಿಳಿ ಜುಬ್ಬಾದ ಮೇಲೆಲ್ಲ ಕಂದು ಕಲೆ ಮಾಡಿದವು. ಮಕ್ಕಳು ಕಿಸಕ್ಕೆಂದರು. ನಿಜ ಹೇಳಬೇಕೆಂದರೆ ನನಗೂ ನಗು ಬಂದಿತ್ತು.

ಅವನು ಎದ್ದು ಬೈದ ಮಾತುಗಳನ್ನು ಈ ಕಾಗದದಲ್ಲಿ ಬರೆಯಲಾರೆ. ಹಾರ ಕಿತ್ತೆಸೆದು, ಚಿಟ್ಟೆ ಗೂಡು ಎಲ್ಲ ಸೇರಿಸಿ ಹಿಮ್ಮಡಿಯಲ್ಲಿ ಹೊಸಕಿದ. ತಡೆಯಲು ಬಂದ ಹೆತ್ತ ತಾಯಿಯನ್ನೇ ದಬ್ಬಿದ, ಆಕೆ ಹೋಗಿ ಕಂಬಕ್ಕೆ ಬಡಿದುಕೊಂಡರು. ನೆಲಕ್ಕೆ ಬಿದ್ದ ಗೂಡನ್ನು ಕಣ್ಣಿಗೊತ್ತಿಕೊಂಡು ಎತ್ತಿಡುವ ಮನೆ ನಮ್ಮದು. ಅಜ್ಜಿ ಅಕ್ಕಯ್ಯಮ್ಮ ಕೋಲೂರಿಕೊಂಡು ಎದ್ದು ನಿಂತಳು. ‘ಗೂಡು ತುಳಿದೋನಿಗೆ ನಮ್ ಮಗೂನ ಕೊಡಲ್ಲ. ಲೇವಂಡಿ, ಎಲ್ಲಾ ಎದ್ದೇಳಿ!’ ಎಂದಳು. ಅಲ್ಲಿಗೆ ಮುಗಿಯಿತು.

ನನ್ನ ಕೋಪವೆಲ್ಲ ನಿನ್ನ ಮೇಲೆ ತಿರುಗಿತು. ಎಂದೂ ಕೈ ತಪ್ಪದವಳಿಗೆ ಅವತ್ತೇ ಹೇಗೆ ತಪ್ಪಿತು? ನನಗೆ ಒಳ್ಳೆಯ ಗಂಡು ಸಿಕ್ಕಿದ್ದು ಇವಳಿಗೆ ಸಹಿಸಲಾಗಲಿಲ್ಲ, ಹೊಟ್ಟೆಕಿಚ್ಚಿನ ಮುಂಡೇದು ಎಂದು ನಿಮ್ಮ ಬಾಗಿಲಲ್ಲೇ ನಿಂತು ಕೂಗಿದೆ. ನೀನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ತಲೆ ತಗ್ಗಿಸಿ ಗೂಡು ಆರಿಸುತ್ತಾ ಕೂತೆ. ನಿಜವಲ್ಲದಿದ್ದರೆ ಯಾಕೆ ಸುಮ್ಮನಿರುತ್ತಾಳೆ ಎಂದು ಇನ್ನಷ್ಟು ಅನುಮಾನವಾಯಿತು. ಆಮೇಲೆ ಅವನು ನಂದಿಯ ಚೆನ್ನರಾಯಪ್ಪನವರ ಮಗಳನ್ನು ಮದುವೆಯಾದ. ಎರಡು ವರ್ಷವೂ ಆಗಿರಲಿಲ್ಲ, ಆ ಹುಡುಗಿ ಬಿಸಿನೀರಿನಲ್ಲಿ ಬೆಂದ ಕೈ ಹೊತ್ತು ತವರಿಗೆ ಬಂದಳು. ಗಂಡನೇ ಎರಚಿದ್ದಂತೆ. ಸದ್ಯ ದೇವರು ನಮ್ಮನ್ನು ಕಾಪಾಡಿದ ಎಂದಳು ಅಮ್ಮ. ನಾನೂ ದೇವರಿಗೇ ಕೈ ಮುಗಿದೆ. ನಿನ್ನ ಮೇಲಿನ ಸಿಟ್ಟು ಮಾತ್ರ ಹಾಗೇ ಉಳಿಯಿತು.

ಇನ್ನು ಭಾನುವಾರದ ಮಾತಿಗೆ ಬರುತ್ತೇನೆ. ಆಕಾಶನೌಕೆಯ ಒಳಗೊಂದು ಪೆಟ್ಟಿಗೆ, ಅದರ ಮೇಲೆ ಕಪ್ಪು ಬಟ್ಟೆ. ತಮಸ್ಕ ನಮ್ಮ ನಡುವೆಯೇ ಇದ್ದಾನೆ ಎಂದು ನೌಕೆಯವರೆಲ್ಲ ಒಬ್ಬರನ್ನೊಬ್ಬರು ಅನುಮಾನಿಸುತ್ತಿದ್ದರು. ಕಪ್ಪು ಬಟ್ಟೆ ನೋಡಿದ ಕ್ಷಣವೇ ನನ್ನ ಕೈಯಲ್ಲಿನ ಅವರೆಕಾಯಿ ನಿಂತಿತು. ನಾಯಕ ಬಟ್ಟೆ ಎಳೆದ, ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಗೂಡಿನ ಹೊಸ ಕವಚ ತೊಟ್ಟು ತಮಸ್ಕ ಮಲಗಿದ್ದ. ಅವನ ಎದೆಯ ಮೇಲೆ ಒಂದು ಗೂಡಿನ ತುದಿ ಒದ್ದೆಯಾಯಿತು, ಒಂದು ಚಿಟ್ಟೆ ಹೊರಗೆ ಬಂತು. ಆಮೇಲೆ ಎದೆಯೆಲ್ಲ ಅಲುಗಾಡತೊಡಗಿತು. ತಮಸ್ಕ ಕಣ್ಣು ಬಿಟ್ಟ.

‘ಏನ್ ಮಿಷಿನ್ ಇಟ್ಟವ್ರೆ ನೋಡೇ!’ ಎಂದರು ಕೋನಪ್ಪ.

‘ಮಿಷಿನ್ ಅಲ್ಲ ರೀ, ಗುಲ್ಷನ್’ ಎಂದೆ. ಎದ್ದು ನಿಂತಿದ್ದೆ, ಅವರೆಕಾಳೆಲ್ಲ ನೆಲದ ಪಾಲಾಗಿತ್ತು.

ಬಲಿತ ಗೂಡನ್ನು ಕತ್ತಲಲ್ಲಿಟ್ಟು ನಸುಕಿನಲ್ಲಿ ಬೆಳಕು ತೋರಿಸಿದರೆ ಚಿಟ್ಟೆ ಹೊರಡುತ್ತದೆ. ಯಾವ ಗೂಡು ಯಾವ ಬೆಳಿಗ್ಗೆ ಒಡೆಯುತ್ತದೆ ಎಂದು ಮುಟ್ಟಿ ಹೇಳುವವಳು ನಿನ್ನನ್ನು ಬಿಟ್ಟರೆ ಯಾರಿದ್ದಾರೆ? ಟಿ.ವಿ.ಯವರನ್ನೂ ನಸುಕಿನಲ್ಲೇ ಎಬ್ಬಿಸಿರುತ್ತೀಯ. ಕೈತಪ್ಪು ಒಂದು ಸಲ ಆಗುತ್ತದೆ ಗುಲ್ಷನ್. ಅದೇ ಕೈತಪ್ಪು ಅದೇ ಕಪ್ಪು ಬಟ್ಟೆ ಸುತ್ತಿಕೊಂಡು ಇಷ್ಟು ವರ್ಷದ ಮೇಲೆ ಮತ್ತೆ ಬಂದರೆ ಅದನ್ನು ಕೈತಪ್ಪು ಎನ್ನುವುದಿಲ್ಲ. ವಜೀರುನ್ನೀಸಾ ಖಾಲಾ ಮೇಲೆ ನೀರು ತಾನಾಗಿ ಮಗುಚಲಿಲ್ಲ, ಚನ್ನಕೇಶವನೇ ಎರಚಿದ್ದು, ಅಲ್ಲವಾ? ನೀನು ಅದನ್ನು ಕಣ್ಣಾರೆ ಕಂಡಿದ್ದೆ, ಅಲ್ಲವಾ?

ಹಾಗಿದ್ದರೆ ಬಾಯಿ ಬಿಟ್ಟು ಹೇಳಬಾರದಿತ್ತೇನೆ? ಮೂರು ದಿನ ಇದನ್ನೇ ಗೊಣಗುತ್ತಾ ಪಾತ್ರೆ ಕುಕ್ಕಿದೆ. ಕೊನೆಗೆ ಕೋನಪ್ಪನವರೇ, ‘ಹೇಳಿದ್ರೆ ನೀನು ನಂಬ್ತಿದ್ಯಾ?’ ಎಂದರು. ಅವನ ಮೇಲೆ ಇವಳಿಗೇ ಕಣ್ಣಿದೆ ಎನ್ನುತ್ತಿದ್ದೆ, ಅಷ್ಟೇ. ಅನುಮಾನದವಳಿಗೆ ಹೇಳಿ ಪ್ರಯೋಜನವಿಲ್ಲ, ಅವನನ್ನೇ ಎಲ್ಲರೆದುರು ಕುಣಿಸಿ ತೋರಿಸಬೇಕು ಎಂದು ನೀನು ಲೆಕ್ಕ ಹಾಕಿದ್ದೆ. ನಾನು ಬಾಗಿಲಲ್ಲಿ ನಿಂತು ಕೂಗಿದಾಗ ಒಳಗೆ ನಿಮ್ಮ ಅಬ್ಬಾ ಇದ್ದರು, ಅವರ ನೂಲಿಗೆ ಅವನೇ ಗಿರಾಕಿ. ನೀನು ಬಾಯಿ ತೆರೆಯುವಂತಿರಲಿಲ್ಲ. ನನ್ನನ್ನು ಉಳಿಸಿ ನನ್ನಿಂದಲೇ ಬೈಸಿಕೊಂಡೆಯಲ್ಲೇ!

ಆದರೂ ಇದೆಲ್ಲ ನನ್ನ ಊಹೆ. ನೀನು ಹೇಳುವವರೆಗೂ ನನಗೆ ಸಮಾಧಾನವಿಲ್ಲ. ಅದಕ್ಕೇ ಒಂದು ಕೆಲಸ ಒಪ್ಪಿಸುತ್ತಿದ್ದೇನೆ. ಬರುವ ತಿಂಗಳು ತಂಗಿ ಅಮ್ಮಾಜಿಯ ನಿಶ್ಚಿತಾರ್ಥ. ಹುಡುಗ ಚಿಕ್ಕಬಳ್ಳಾಪುರದವನು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬಂದು ಹೋಗುತ್ತಾನೆ. ಒಳ್ಳೆಯವನು ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳುವುದೇ ನನಗೆ ಅನುಮಾನ. ನೀನು ಒಂದು ಸಲ ಹೋಗಿ ಅವನನ್ನು ನೋಡು, ಕೂಲಿಯವರ ಜೊತೆ ಹೇಗೆ ಮಾತಾಡುತ್ತಾನೆ ಕೇಳು. ಹಾರ ನೀನೇ ಕಟ್ಟಬೇಕು. ಗೂಡಿಗೆ ಆವಿ ಕೊಡುವುದೋ ಬಿಡುವುದೋ ನಿನಗೇ ಬಿಟ್ಟಿದ್ದು. ಕಪ್ಪು ಬಟ್ಟೆಯಲ್ಲಿ ಸುತ್ತಿ ತಂದರೂ ಈ ಸಲ ನಾನು ಏನೂ ಕೇಳುವುದಿಲ್ಲ, ಬೆಳಕು ಬೀಳುವವರೆಗೂ ನಾನೇ ಕಾಯುತ್ತೇನೆ.

ಮೇಲೆ ಬಿಟ್ಟಿರುವ ಜಾಗದಲ್ಲಿ ಆ ಮಾತನ್ನು ನೀನೇ ಬರೆದುಕೋ. ದಿನವೂ ಬಿಸಿನೀರಿಗಿಳಿಯುವ ನಿನ್ನ ಕೈಗಳು ತಣ್ಣಗಿರಲಿ.

ನಿನ್ನ,
ಕದ್ರಿ