ಲಂಗರು ಹಾಕುವವರು ಯಾರು?

ಅಳಿಯಂದಿರಿಗೆ ಅತ್ತೆಯ ಆಶೀರ್ವಾದಗಳು.

ನೀವು ಕೊಳ್ಳಹೊರಟ ಆ ಅಮೆರಿಕದ ಸ್ಪೋರ್ಟ್ಸ್ ಕ್ರೂಸರ್ ದೋಣಿ ನಮ್ಮ ಕಡಲಿಗೆ ಆದೀತೇ ಎಂದು ನೀವೇ ಕೇಳಿದಿರಿ. ನಾನು ಬಾಯಿ ತೆರೆದರೆ "ನಿಮಗೆ ಗೊತ್ತಾಗಲ್ಲ ಬಿಡಿ ಅತ್ತೆ" ಅಂದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಬಾಯಿ ಮುಚ್ಚಿಸಲು ನಿಮ್ಮಿಂದಾಗದು.

ದೋಣಿ ಮದುಮಗಳ ಹಾಗಿದೆ, ಒಪ್ಪಿದೆ. ಒಳಗೆ ಹಾಸಿಗೆ, ಒಲೆ, ಆಳೆತ್ತರದ ಕನ್ನಡಿ ಎಲ್ಲ ಇವೆ. ಅಂಚಿನಲ್ಲಿ ಹಿಡಿದುಕೊಳ್ಳಲು ನೆಟ್ಟಗೊಂದು ಕಂಬಿ ಇಲ್ಲ. ಕೆರೆಯಲ್ಲಿ ಮೆರೆಯಲು ಕಟ್ಟಿದ್ದನ್ನು ಕಡಲಿಗಿಳಿಸುತ್ತೀರಾ? ಮೊನ್ನೆ ನೋಡಲು ಹೋದಾಗ, ಅಲೆ ತಡೆಯುವ ಬಂದರಿನ ಗೋಡೆಯ ಒಳಗಡೆ, ತಟ್ಟೆಯಂಥ ನೀರಿನಲ್ಲೇ ಅದು ಎತ್ತಿ ಕುಕ್ಕಿತು. ನನ್ನ ಸೊಂಟ ಇನ್ನೂ ನಿಮ್ಮನ್ನು ನೆನೆಯುತ್ತಿದೆ.

ಸೊಂಟ ಹಾಳಾಗಲಿ. ಲಂಗರು ಹಾಕಲು ಮುಂದಿನ ತುದಿಗೆ ಹೋಗಬೇಕು, ಹೋಗುವ ದಾರಿ ಅಂಗೈ ಅಗಲ. ನೀವು ಚುಕ್ಕಾಣಿ ಬಿಡದೆ "ಹೋಗೇ, ಏನಾಗಲ್ಲ" ಎಂದಿರಿ. ನನ್ನ ಮಗಳು ತೆವಳಿಕೊಂಡು ಹೋದಳು. ಮಾರುವವನೂ ನೀವೂ ನಕ್ಕಿರಿ. ಅವಳು ನನ್ನ ಹತ್ತಿರ ಏನೂ ದೂರಿಲ್ಲ. ತರಚಿದ ಮೊಣಕಾಲಿಗೆ ಮುಲಾಮು ಹಚ್ಚುವಾಗ ನನಗೆ ಬೆನ್ನು ಹಾಕಿ ಕೂತಿದ್ದಳು, ಅಷ್ಟೇ.

ಭಾನುವಾರ ಮಧ್ಯಾಹ್ನ ಗಾಳಿ ಎದ್ದ ಮೇಲೆ ಗೋಡೆಯಾಚೆ ಕಡಲಿಗೇ ಹೋಗೋಣ. ಚುಕ್ಕಾಣಿ ಅವಳ ಕೈಗೆ ಕೊಡಿ, ಲಂಗರು ನೀವು ಹಾಕಿ. ಆ ತುದಿಯಿಂದ ನಿಂತುಕೊಂಡೇ ವಾಪಸು ಬಂದರೆ ಕೊಳ್ಳಿ, ನನ್ನ ತಕರಾರಿಲ್ಲ. ತೆವಳಿಕೊಂಡು ಬಂದರೆ ನಾನು ನಗುವುದಿಲ್ಲ, ಆದರೆ ದೋಣಿಯನ್ನು ಮಾರುವವನಿಗೇ ಬಿಟ್ಟು ಬನ್ನಿ.

ಮುಲಾಮು ನಾನೇ ತರುತ್ತೇನೆ.

ನಿಮ್ಮ ಮಕ್ಕಳ ಅಜ್ಜಿ